ನೀರಿನೊಳಗಿನ ಕೆಂದಳಿರು

ಗೋರಂಟಿ, ದಾಳಿಂಬೆ, ಮಲೆನಾಡಿನ ನಂದಿಮರ ಈ ಮೂರೂ ಒಂದೇ ಕುಟುಂಬದವು ಎಂದರೆ ವಾಚಕರಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಸಸ್ಯಶಾಸ್ತ್ರಜ್ಞರು ಇವನ್ನು ಲಿತ್ರೇಸೀ ಎಂಬ ಕುಟುಂಬದಲ್ಲಿ ಸೇರಿಸಿದ್ದಾರೆ. ದಾಳಿಂಬೆಗೆ ಹಿಂದೆ ಪ್ರತ್ಯೇಕ ಕುಟುಂಬವನ್ನೇ ಕಲ್ಪಿಸಿದ್ದರು. ಈಚಿನ ಸಂಶೋಧನೆಗಳಿಂದ ಅದೂ ಇಲ್ಲಿಗೇ ಬಂದಿದೆ. ಈ ಕುಟುಂಬದ ಎಲ್ಲರೂ ನೆಲದಲ್ಲಿ ನೆಮ್ಮದಿಯಾಗಿ ಬಾಳುವವರಲ್ಲ. ಕೆಲವರು ನೀರಿಗೆ ಇಳಿದಿದ್ದಾರೆ. ಅವರಲ್ಲಿ ಅತ್ಯಂತ ಚೆಲುವಾದುದು, ಹಾಗೆಯೇ ಸಾಕುವವನ ತಾಳ್ಮೆಯನ್ನು ಅತ್ಯಂತ ಕಠಿಣವಾಗಿ ಪರೀಕ್ಷಿಸುವುದು, ರೊಟಾಲಾ ಮ್ಯಾಕ್ರಾಂಡ್ರ ಎಂಬ ಗಿಡ. ಜಗತ್ತಿನ ನಾನಾ ದೇಶಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ಇದನ್ನು ಆಸೆಯಿಂದ ಕೊಳ್ಳುತ್ತಾರೆ. ಇದರ ತವರು ಮಾತ್ರ ನಮ್ಮ ದಕ್ಷಿಣ ಭಾರತ. ಕೇರಳ ಕರ್ನಾಟಕಗಳ ಹೊಳೆಹಳ್ಳಗಳ ಅಂಚು, ಜೌಗುನೆಲ.

ರೊಟಾಲಾ ಎಂಬ ಹೆಸರು ಚಕ್ರವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. 1771ರಲ್ಲಿ ಲಿನ್ನೇಯಸನು ಈ ಹೆಸರನ್ನಿಟ್ಟಾಗ ಅವನ ಮುಂದಿದ್ದ ಗಿಡದಲ್ಲಿ ಎಲೆಗಳು ಕಾಂಡದ ಸುತ್ತ ಚಕ್ರದ ಅರಗಳಂತೆ ಹೊರಟಿದ್ದವು. ನಮ್ಮ ಗಿಡದಲ್ಲಿ ಹಾಗಿಲ್ಲ; ಪ್ರತಿ ಗಿಣ್ಣಿನಲ್ಲಿಯೂ ಎದುರುಬದುರಾಗಿ ಎರಡೇ ಎಲೆ. 1880ರಲ್ಲಿ ಜರ್ಮನಿಯ ಕೋಯ್ನೆ ಎಂಬ ವಿದ್ವಾಂಸನು ಈ ಪ್ರಭೇದಕ್ಕೆ ಮ್ಯಾಕ್ರಾಂಡ್ರ, ಎಂದರೆ ಉದ್ದನೆಯ ಕೇಸರಗಳುಳ್ಳದ್ದು, ಎಂದು ಹೆಸರಿಟ್ಟನು. ಈ ಕೇಸರಗಳನ್ನು ತೊಟ್ಟಿಯ ಒಡೆಯರು ನೋಡುವುದು ಅಪರೂಪ. ಹೂ ಬರುವುದು ನೀರಿನಿಂದ ಮೇಲೆದ್ದ ಕಾಂಡದಲ್ಲಿ. ಅವರು ಮೆಚ್ಚುವುದು ನೀರಿನಲ್ಲಿ ಮುಳುಗಿದ ಎಲೆಯನ್ನು. ಮಾವಿನ ಕೆಂದಳಿರಿನಂತೆ ತೆಳುವಾಗಿ, ಅಂಚು ಅಲೆಯಲೆಯಾಗಿ, ನಸುಗೆಂಪಿನಿಂದ ಗಾಢ ಕೆಂಪಿನವರೆಗೆ ಹೊಳೆಯುವ ಎಲೆಯನ್ನು.

ನಾವು ಮೊದಲ ಸಲ ಇದನ್ನು ನೆಟ್ಟುದು ಬಯಲುಸೀಮೆಯ ಊರೊಂದರಲ್ಲಿ. ಕೊಳವೆಬಾವಿಯ ನೀರು, ಸಾಬೂನು ಉಜ್ಜಿದರೆ ನೊರೆಗೆ ಬದಲು ಮೊಸರಿನಂಥ ಗಸಿ ಬರುವಷ್ಟು ಗಡಸು. ಹತ್ತು ಕಡ್ಡಿಗಳನ್ನು ತಂದು ನೆಟ್ಟೆವು. ನಾಲ್ಕನೆಯ ದಿನ ಎಲೆಗಳು ಗಾಜಿನಂತೆ ಪಾರದರ್ಶಕವಾಗತೊಡಗಿದವು. ಬೆಳಕು ಸಾಲದೆಂದು ಬಗೆದು ಇನ್ನೊಂದು ದೀಪವನ್ನು ತೂಗುಹಾಕಿದೆವು. ಕೆಂಪು ಬಣ್ಣಕ್ಕೆ ಕಬ್ಬಿಣ ಬೇಕೆಂದು ಯಾರೋ ಹೇಳಿದರು, ಅದನ್ನೂ ಸುರಿದೆವು. ಹನ್ನೆರಡನೆಯ ದಿನಕ್ಕೆ ತೊಟ್ಟಿಯಲ್ಲಿ ಉಳಿದುದು ಬೋಳು ಕಾಂಡಗಳು ಮತ್ತು ಅವುಗಳ ಮೇಲೆ ಕೂದಲಿನಂತೆ ಬೆಳೆದ ಹಸಿರು ಪಾಚಿ. ಆದರೆ ಅದೇ ತೊಟ್ಟಿಯಲ್ಲಿ, ಅದೇ ನೀರಿನಲ್ಲಿ, ಪಟ್ಟಿಯಂಥ ಎಲೆಯ ವ್ಯಾಲಿಸ್ನೇರಿಯ ಹುಲ್ಲು ಸೊಂಪಾಗಿ ಹಬ್ಬಿತ್ತು. ಒಂದು ಬಾಳಿ ಇನ್ನೊಂದು ಸತ್ತುದೇಕೆ? ಈ ಪ್ರಶ್ನೆಗೆ ಉತ್ತರ ದೊರೆತರೆ ಗಿಡವನ್ನು ಬೆಳೆಸುವ ದಾರಿಯೂ ದೊರೆತಂತೆ.

ಸಸ್ಯಗಳು ಬೆಳಕಿನ ಸಹಾಯದಿಂದ ನೀರನ್ನೂ ಇಂಗಾಲಾಮ್ಲ ವಾಯುವನ್ನೂ ಸೇರಿಸಿ ಸಕ್ಕರೆಯನ್ನು ತಯಾರಿಸುತ್ತವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ನೆಲದ ಗಿಡಕ್ಕೆ ಈ ವಾಯು ಗಾಳಿಯಿಂದ ಪತ್ರರಂಧ್ರಗಳ ಮೂಲಕ ಒಳಕ್ಕೆ ಬರುತ್ತದೆ. ನೀರಿನೊಳಗೆ ಸ್ಥಿತಿ ಬೇರೆ. ಬರಿಯ ಗಾಳಿಗೆ ತೆರೆದಿಟ್ಟ ನೀರಿನಲ್ಲಿ, 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಒಂದು ಲೀಟರಿಗೆ ಸುಮಾರು 0.6 ಮಿಲಿಗ್ರಾಮ್ ಮಾತ್ರ ಇಂಗಾಲಾಮ್ಲ ಕರಗಿರುತ್ತದೆ. ಈ ಅಲ್ಪ ಪ್ರಮಾಣವಾದರೂ ಎಲೆಗೆ ಬೇಗ ತಲಪುವುದಿಲ್ಲ. ನೀರಿನಲ್ಲಿ ವಾಯುವಿನ ಅಣುಗಳು ಹರಡುವ ವೇಗ ಗಾಳಿಯಲ್ಲಿರುವುದರ ಸುಮಾರು ಹತ್ತು ಸಾವಿರದಲ್ಲೊಂದು ಭಾಗ. ಎಲೆಯ ಸುತ್ತ ಅಂಟಿಕೊಂಡ ತೆಳುವಾದ ನಿಂತ ನೀರಿನ ಪದರವನ್ನು ದಾಟುವುದೇ ಅದಕ್ಕೊಂದು ದೊಡ್ಡ ಪಯಣ.

ಈ ಬಡತನವನ್ನು ನೀಗಲು ಜಲಸಸ್ಯಗಳಲ್ಲಿ ಕೆಲವು ಒಂದು ಉಪಾಯವನ್ನು ಕಂಡುಕೊಂಡಿವೆ. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಲವಣಗಳು ಹೇರಳವಾಗಿರುತ್ತವೆ. ವ್ಯಾಲಿಸ್ನೇರಿಯ, ಹೈಡ್ರಿಲ್ಲಾ ಮುಂತಾದವು ಆ ಬೈಕಾರ್ಬೊನೇಟಿನಿಂದಲೇ ತಮಗೆ ಬೇಕಾದ ಇಂಗಾಲವನ್ನು ಪಡೆಯಬಲ್ಲವು. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬುವನು ಮೀನು, ಬಸವನಹುಳು, ಗಿಡ ಇವನ್ನು ಒಂದೇ ತೊಟ್ಟಿಯಲ್ಲಿ ಸಮತೋಲದಿಂದ ಬಾಳಿಸಬಹುದೆಂದು ಪ್ರಕಟಿಸಿದಾಗ ಅವನು ಆರಿಸಿಕೊಂಡಿದ್ದ ಗಿಡವೂ ವ್ಯಾಲಿಸ್ನೇರಿಯವೇ. ಅವನ ಆಯ್ಕೆ ಅದೃಷ್ಟದ್ದೆಂದು ನಮಗೆ ತೋರುತ್ತದೆ. ರೊಟಾಲಾ ಮ್ಯಾಕ್ರಾಂಡ್ರವನ್ನು ಇಟ್ಟಿದ್ದರೆ ಆ ಪ್ರಬಂಧವನ್ನು ಬರೆಯುವ ಸಂದರ್ಭವೇ ಬರುತ್ತಿರಲಿಲ್ಲವೇನೋ! ರೊಟಾಲಾದಂಥ ಉಭಯವಾಸಿ ಗಿಡಗಳು ಸಾಮಾನ್ಯವಾಗಿ ನೀರಿನಲ್ಲಿ ಕರಗಿದ ಇಂಗಾಲಾಮ್ಲ ವಾಯುವನ್ನೇ ನಂಬಿದವು. ಬೈಕಾರ್ಬೊನೇಟು ರಾಶಿ ಬಿದ್ದಿದ್ದರೂ ಅವುಗಳ ಪಾಲಿಗೆ ಅದು ಬೀಗ ಹಾಕಿದ ಕಣಜ.

ಈಗ ನಮ್ಮ ತಪ್ಪು ಸ್ಪಷ್ಟವಾಗುವುದು. ಅಕ್ಕಿಯಿಲ್ಲದ ಮಡಕೆಯನ್ನು ಒಲೆಯ ಮೇಲಿಟ್ಟು, ಅನ್ನವಾಗಲಿಲ್ಲವೆಂದು ಉರಿಯನ್ನು ಹೆಚ್ಚಿಸಿದಂತೆ ನಾವು ಮಾಡಿದ್ದೆವು. ಬೆಳಕು ಉರಿ, ಇಂಗಾಲಾಮ್ಲ ಅಕ್ಕಿ. ಇಂಗಾಲವಿಲ್ಲದೆ ಬಿದ್ದ ಅಧಿಕ ಬೆಳಕು ಗಿಡಕ್ಕೆ ಉಪಯೋಗಕ್ಕೆ ಬಾರದುದಷ್ಟೇ ಅಲ್ಲ, ಎಲೆಯ ಒಳಗಿನ ಸೂಕ್ಷ್ಮ ಯಂತ್ರಕ್ಕೆ ಹಾನಿಯನ್ನೂ ಮಾಡುವುದು. ಸ್ವಲ್ಪದರಲ್ಲೇ ತೃಪ್ತಿಪಡುವ ಪಾಚಿ ಮಾತ್ರ ಆ ಬೆಳಕನ್ನುಂಡು ಕೊಬ್ಬುವುದು. ಯಾವ ಆಹಾರಾಂಶ ಅತ್ಯಂತ ಕೊರತೆಯಲ್ಲಿದೆಯೋ ಅದೇ ಬೆಳವಣಿಗೆಯ ಮಿತಿಯನ್ನು ಗೊತ್ತುಮಾಡುತ್ತದೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಲೀಬಿಗ್ ಎಂಬ ಪಂಡಿತನು ಪ್ರಚಾರಪಡಿಸಿದ ನಿಯಮವನ್ನು ಓದಿದ್ದೆವು. ತೊಟ್ಟಿಯ ಮುಂದೆ ನಿಂತಾಗ ಅದು ನೆನಪಿಗೆ ಬಾರದೆ ಹೋಯಿತು.

ಆದುದರಿಂದ ಎರಡನೆಯ ಸಲ ನಾವು ನೀರಿನಿಂದ ಪ್ರಾರಂಭಿಸಿದೆವು. ಮಳೆಗಾಲದಲ್ಲಿ ಮೊದಲ ಒಂದೆರಡು ಮಳೆಗಳಿಂದ ಮಾಡು ತೊಳೆದುಹೋದ ಮೇಲೆ ಹಿಡಿದ ಮಳೆನೀರು ಉತ್ತಮ. ಅದಿಲ್ಲದಿದ್ದರೆ ಮನೆಗಳಲ್ಲಿ ಈಗ ಸಾಮಾನ್ಯವಾಗಿರುವ ಆರ್‌ಓ ಶೋಧಕದ ನೀರನ್ನು ಕೊಳವೆಬಾವಿಯ ನೀರಿನೊಡನೆ ಬೆರೆಸಬಹುದು. ಬರಿಯ ಶೋಧಿತ ನೀರು ಬೇಡ. ಗಿಡಕ್ಕೂ ಮೀನಿಗೂ ಸ್ವಲ್ಪ ಸುಣ್ಣ, ಸ್ವಲ್ಪ ಮೆಗ್ನೀಸಿಯಂ ಬೇಕೇ ಬೇಕು. ಮಲೆನಾಡು ಕರಾವಳಿಗಳ ವಿದ್ಯಾರ್ಥಿಗಳು ಈ ವಿಷಯದಲ್ಲಿ ಭಾಗ್ಯವಂತರು. ಜಂಬಿಟ್ಟಿಗೆಯ ನೆಲದ ಬಾವಿಯ ನೀರು ಸಾಮಾನ್ಯವಾಗಿ ಮೆದುವಾಗಿಯೂ ಕೊಂಚ ಆಮ್ಲೀಯವಾಗಿಯೂ ಇರುವುದರಿಂದ ಗಿಡಕ್ಕೆ ಅದು ತವರಿನ ನೀರಾಗುವುದು.

ಇನ್ನು ಇಂಗಾಲಾಮ್ಲವನ್ನು ಒದಗಿಸುವ ಬಗೆ. ಹಣವಿದ್ದವರು ಒತ್ತಡದ ಸಿಲಿಂಡರನ್ನೂ ಅದನ್ನು ಹತೋಟಿಯಲ್ಲಿಡುವ ಕವಾಟವನ್ನೂ ಕೊಳ್ಳುತ್ತಾರೆ. ವಿದ್ಯಾರ್ಥಿಗೆ ಯೀಸ್ಟ್ ಸಾಕು. ಹೆಂಡ ನೊರೆಯುಕ್ಕುವಾಗ ನಡೆಯುವ ಕ್ರಿಯೆಯೇ ಇಲ್ಲಿಯೂ ನಡೆಯುವುದು: ಯೀಸ್ಟ್ ಜೀವಿಗಳು ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಬಿಡುತ್ತವೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರು ಉಗುರುಬೆಚ್ಚಗಿನ ನೀರು, 200 ಗ್ರಾಮ್ ಸಕ್ಕರೆ, ಕಾಲು ಚಮಚ ಒಣ ಯೀಸ್ಟ್ ಇಷ್ಟನ್ನು ಹಾಕಿ ಕಲಕಬೇಕು. ಸಕ್ಕರೆಯೆಲ್ಲ ಪೂರ್ಣವಾಗಿ ಒಡೆದರೆ ಲೆಕ್ಕದಂತೆ ಸುಮಾರು 100 ಗ್ರಾಮ್ ಇಂಗಾಲಾಮ್ಲ ಹೊರಡಬೇಕು. ವಾಸ್ತವವಾಗಿ ಅದಕ್ಕಿಂತ ಕಡಮೆ. ಎರಡು ವಾರಗಳ ತರುವಾಯ ಗುಳ್ಳೆಗಳು ವಿರಳವಾಗುವುವು, ಆಗ ಹೊಸ ದ್ರಾವಣವನ್ನು ತುಂಬಬೇಕು. ಬಾಟಲಿಯ ಮುಚ್ಚಳದಿಂದ ಹೊರಟ ಸಣ್ಣ ನಳಿಕೆಯನ್ನು ಮೊದಲು ಒಂದು ಖಾಲಿ ಬಾಟಲಿಗೆ ತಂದು, ಅಲ್ಲಿಂದ ತೊಟ್ಟಿಗೆ ಒಯ್ಯಬೇಕು. ಈ ನಡುವಣ ಬಾಟಲಿಯನ್ನು ಬಿಡಬಾರದು. ನೊರೆಯುಕ್ಕಿ ಹುಳಿ ದ್ರಾವಣವು ನಳಿಕೆಯಲ್ಲಿ ಬಂದರೆ ಅದು ತೊಟ್ಟಿಗೆ ಬೀಳದೆ ಇಲ್ಲಿಯೇ ನಿಲ್ಲುವುದು. ನಳಿಕೆ ಕಟ್ಟಿಕೊಂಡರೆ ಒತ್ತಡ ಹೆಚ್ಚಿ ಬಾಟಲಿ ಸಿಡಿಯಬಹುದಾದ್ದರಿಂದ ಗಾಜಿನ ಸೀಸೆಯನ್ನು ಎಂದೂ ಬಳಸಕೂಡದು. ತೊಟ್ಟಿಯೊಳಗೆ ನಳಿಕೆಯ ತುದಿಯ ಮೇಲೆ ಒಂದು ಗಾಜಿನ ಬಟ್ಟಲನ್ನು ಕವುಚಿಟ್ಟರೆ ವಾಯು ಅದರಲ್ಲಿ ಸಿಕ್ಕಿಕೊಂಡು ಮೆಲ್ಲಮೆಲ್ಲನೆ ನೀರಿನಲ್ಲಿ ಕರಗುವುದು.

ಎಷ್ಟು ಕರಗಿತು? ಇದನ್ನು ಅಳೆಯುವ ಕ್ರಮ ಬಹು ರಮ್ಯವಾದುದು. ಶಾಲೆಯ ಪ್ರಯೋಗಶಾಲೆಯಲ್ಲಿರುವ ಬ್ರೋಮೊಥೈಮಾಲ್ ಬ್ಲೂ ಎಂಬ ಸೂಚಕವಿದ್ದರೆ ಸಾಕು. ಒಂದು ಲೀಟರು ಬಟ್ಟಿ ಇಳಿಸಿದ ನೀರಿನಲ್ಲಿ 1.2 ಗ್ರಾಮ್ ಅಡಿಗೆ ಸೋಡವನ್ನು ಕರಗಿಸಿ, ಅದರಲ್ಲಿ 100 ಮಿಲಿಲೀಟರನ್ನು ತೆಗೆದುಕೊಂಡು ಮತ್ತೆ ಬಟ್ಟಿ ನೀರನ್ನು ಸೇರಿಸಿ ಒಂದು ಲೀಟರು ಮಾಡಬೇಕು. ಈ ದ್ರಾವಣದ ಕಾರ್ಬೊನೇಟ್ ಗಡಸುತನ ಜರ್ಮನ್ ಮಾನದಲ್ಲಿ 4 ಡಿಗ್ರಿ. ಇದನ್ನು ಕೆಲವು ಹನಿ ಸೂಚಕದೊಡನೆ ಒಂದು ಪುಟ್ಟ ಬಟ್ಟಲಿಗೆ ಹಾಕಿ, ತೊಟ್ಟಿಯ ನೀರಿಗೂ ಈ ದ್ರಾವಣಕ್ಕೂ ನಡುವೆ ಗಾಳಿಯ ಗುಳ್ಳೆಯೊಂದು ಉಳಿಯುವಂತೆ ನೀರಿನಲ್ಲಿ ಕವುಚಿ ನಿಲ್ಲಿಸಬೇಕು. ಅಂಗಡಿಗಳಲ್ಲಿ ಇದಕ್ಕೆಂದೇ ಬಾಗಿದ ಕೊರಳಿನ ಗಾಜಿನ ಬುರುಡೆಗಳು ಸಿಗುತ್ತವೆ. ತೊಟ್ಟಿಯ ಬೇರಾವ ಆಮ್ಲವೂ ಲವಣವೂ ಗಾಳಿಯ ಗುಳ್ಳೆಯನ್ನು ದಾಟಲಾರದು. ಇಂಗಾಲಾಮ್ಲ ಮಾತ್ರ ದಾಟಿ ಬಂದು ದ್ರಾವಣವನ್ನು ಆಮ್ಲೀಯಗೊಳಿಸುವುದು. ಬಣ್ಣ ನೀಲಿಯಾಗಿದ್ದರೆ ಕೊರತೆ, ಹಸಿರಾದರೆ ತೃಪ್ತಿಕರ, ಹಳದಿಯಾದರೆ ಮೀನುಗಳಿಗೆ ಅಪಾಯ.

ಇದರ ಹಿಂದಿರುವ ಲೆಕ್ಕ ಸರಳ. ಕಾರ್ಬೊನೇಟ್ ಗಡಸುತನ 4 ಆಗಿದ್ದು ಪಿಎಚ್ 7 ಇದ್ದರೆ ಲೀಟರಿಗೆ ಸುಮಾರು 12 ಮಿಲಿಗ್ರಾಮ್ ಇಂಗಾಲಾಮ್ಲವಿರುತ್ತದೆ, ಪಿಎಚ್ 6.6ಕ್ಕೆ ಇಳಿದರೆ 30 ಮಿಲಿಗ್ರಾಮ್. ಪಿಎಚ್ ಒಂದು ಅಂಕ ಇಳಿದರೆ ವಾಯುವಿನ ಪ್ರಮಾಣ ಹತ್ತುಪಟ್ಟಾಗುವುದೆಂಬುದನ್ನು ಗಮನಿಸಬೇಕು. ನಮ್ಮ ಗಿಡಕ್ಕೆ 20ರಿಂದ 30 ಮಿಲಿಗ್ರಾಮ್ ಬೇಕು. ಎಂದರೆ ತೆರೆದ ನೀರಿನಲ್ಲಿರುವುದರ ಸುಮಾರು ಮೂವತ್ತರಿಂದ ಐವತ್ತು ಪಟ್ಟು. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುವುದರಿಂದ ಅವಸರಪಟ್ಟು ತೀರ್ಮಾನಿಸಬಾರದು.

ರಾತ್ರಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಯೀಸ್ಟಿಗೆ ಹಗಲು ಇರುಳೆಂಬ ಭೇದವಿಲ್ಲ. ದೀಪವಾರಿದ ಮೇಲೆ ಗಿಡವು ಇಂಗಾಲಾಮ್ಲವನ್ನು ಬಳಸುವುದಿಲ್ಲ, ತಾನೂ ಉಸಿರಾಡಿ ಇನ್ನಷ್ಟು ಸೇರಿಸುವುದು. ಬಾಟಲಿಯಿಂದಲೂ ವಾಯು ಬರುತ್ತಲೇ ಇರುವುದು. ಬೆಳಿಗ್ಗೆ ಎದ್ದು ನೋಡಿದಾಗ ಮೀನುಗಳೆಲ್ಲ ನೀರಿನ ಮೇಲ್ಮೈಯಲ್ಲಿ ಬಾಯಿ ತೆರೆದು ತೇಕುತ್ತಿದ್ದುದನ್ನು ನಾವು ಕಂಡಿದ್ದೇವೆ. ಎರಡು ಗಪ್ಪಿಗಳು ಉಳಿಯಲಿಲ್ಲ. ಅಂದಿನಿಂದ ರಾತ್ರಿಯ ವೇಳೆ ಗಾಳಿ ಪಂಪನ್ನು ನಡೆಸಿ ಮೇಲ್ಮೈಯನ್ನು ಕದಡುವ ಪದ್ಧತಿಯನ್ನಿಟ್ಟುಕೊಂಡಿದ್ದೇವೆ. ಹಗಲಿನಲ್ಲಿ ಅದು ಬೇಡ, ಗಿಡಕ್ಕೆಂದು ಕೊಟ್ಟ ವಾಯು ವ್ಯರ್ಥವಾಗಿ ಹಾರಿಹೋಗುವುದು.

ಗಿಡವನ್ನು ತಂದ ಕೂಡಲೇ ಅದರ ಎಲೆಗಳನ್ನು ನೋಡಿ. ಅಂಗಡಿಯ ಗಿಡಗಳನ್ನು ಬಹುವಾಗಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸಿರುತ್ತಾರೆ. ಆ ಎಲೆ ಹಸಿರು, ದಪ್ಪ, ದುಂಡು; ಮೇಲೆ ನೀರನ್ನು ತಡೆಯುವ ಮೇಣದ ಪೊರೆ. ಮುಳುಗಿದ ಬಾಳಿಗೆ ಅದು ಕೆಲಸಕ್ಕೆ ಬಾರದು. ನೀರಿನೊಳಗೆ ಹುಟ್ಟುವ ಹೊಸ ಎಲೆ ತೆಳುವಾಗಿ, ಪೊರೆಯಿಲ್ಲದೆ, ಇಡೀ ಮೈಯಿಂದಲೇ ವಾಯುವನ್ನು ಹೀರಲು ಸಿದ್ಧವಾಗಿರುತ್ತದೆ. ಆದುದರಿಂದ ಹಳೆಯ ಎಲೆಗಳು ಕೊಳೆತು ಉದುರಿದರೆ ಗಾಬರಿಯಾಗಬೇಕಾದ್ದಿಲ್ಲ. ಗಿಡದ ಬದುಕು ಕುಡಿಯಲ್ಲಿದೆ. ಕುಡಿ ಗಟ್ಟಿಯಾಗಿದ್ದು ಅಲ್ಲಿ ಪುಟ್ಟ ಕೆಂಪೆಲೆಗಳು ಮೂಡುತ್ತಿದ್ದರೆ ಗಿಡ ಬದುಕಿತೆಂದೇ ತಿಳಿಯಬೇಕು. ಕುಡಿಯೇ ಕಪ್ಪಾಗಿ ಕರಗಿದರೆ ಆಸೆ ಬಿಡಬೇಕು.

ಕಟ್ಟಿಗೆ ಸುತ್ತಿದ ಸೀಸದ ಪಟ್ಟಿಯನ್ನು ಬಿಚ್ಚಿ, ಪ್ರತಿ ಕಡ್ಡಿಯನ್ನೂ ಗಿಣ್ಣಿನ ಕೆಳಗೆ ಹರಿತವಾದ ಕತ್ತರಿಯಿಂದ ಕತ್ತರಿಸಿ, ಎರಡು ಮೂರು ಸೆಂಟಿಮೀಟರ್ ಅಂತರದಲ್ಲಿ ಒಂದೊಂದಾಗಿ ನೆಡಬೇಕು. ಕಾಂಡವು ಬಹು ಮೃದು, ಬೆರಳಿನಿಂದ ಒತ್ತಿದರೆ ಜಜ್ಜಿಹೋಗುವುದು. ಉದ್ದನೆಯ ಚಿಮಟ ಒಳ್ಳೆಯದು. ಕಟ್ಟನ್ನು ಹಾಗೆಯೇ ನೆಟ್ಟರೆ ನಡುವಣ ಕಡ್ಡಿಗಳಿಗೆ ಬೆಳಕೂ ಇಲ್ಲ, ನೀರಿನ ಸಂಚಾರವೂ ಇಲ್ಲ.

ಈಗ ಕೆಂಪಿನ ಮಾತಿಗೆ ಬರೋಣ. ಈ ಬಣ್ಣಕ್ಕೆ ಕಾರಣ ಆಂಥೊಸಯನಿನ್ ಎಂಬ ವರ್ಣದ್ರವ್ಯ. ದಾಸವಾಳದ ಹೂವಿನಲ್ಲಿಯೂ ಮಾವಿನ ತಳಿರಿನಲ್ಲಿಯೂ ಇರುವುದು ಇದೇ ಬಗೆಯದು. ಉದುರಿದ ಕೆಲವು ಎಲೆಗಳನ್ನು ಸ್ವಲ್ಪ ಬಿಸಿನೀರಿನಲ್ಲಿ ಅರೆದು ಸೋಸಿ, ಒಂದು ಪಾಲಿಗೆ ನಿಂಬೆರಸವನ್ನೂ ಇನ್ನೊಂದಕ್ಕೆ ಅಡಿಗೆ ಸೋಡವನ್ನೂ ಬೆರೆಸಿದರೆ ಬಣ್ಣ ಬೇರೆಬೇರೆಯಾಗುವುದನ್ನು ಕಾಣಬಹುದು. ತೊಟ್ಟಿಯ ಎಲ್ಲ ಕೆಂಪು ಗಿಡಗಳೂ ಹೀಗೆಯೇ ಎಂದು ಭಾವಿಸಬಾರದು. ಆಲ್ಟರ್ನಾಂಥೆರ ಎಂಬ ಇನ್ನೊಂದು ಕೆಂಪು ಗಿಡ ನಮ್ಮ ಹೊನಗೊನೆ ಸೊಪ್ಪಿನ ಬಳಗದ್ದು; ಅದರ ಕೆಂಪು ಬೀಟ್‌ರೂಟ್ ಮತ್ತು ಕೆಂಪು ದಂಟಿನ ಸೊಪ್ಪಿನ ಕೆಂಪು, ರಸಾಯನದ ದೃಷ್ಟಿಯಿಂದ ಪೂರ್ತಿ ಬೇರೆ ವಸ್ತು.

ಕಬ್ಬಿಣ ಹಾಕಿದರೆ ಎಲೆ ಕೆಂಪಾಗುವುದೆಂಬ ನಂಬಿಕೆ ಬಹಳ ಕಡೆ ಇದೆ. ತುಕ್ಕಿನ ಬಣ್ಣವನ್ನು ನೋಡಿ ಹುಟ್ಟಿದ ನಂಬಿಕೆಯೋ ಏನೋ! ಆಂಥೊಸಯನಿನ್ನಿನಲ್ಲಿ ಇರುವುದು ಇಂಗಾಲ, ಜಲಜನಕ, ಆಮ್ಲಜನಕ. ಕಬ್ಬಿಣದ ಒಂದು ಪರಮಾಣುವೂ ಅದರ ರಚನೆಗೆ ಬೇಕಿಲ್ಲ. ಕಬ್ಬಿಣ ಬೇಕಾಗುವುದು ಹರಿತ್ತನ್ನು ತಯಾರಿಸಲು. ಅದು ಕಡಮೆಯಾದರೆ ಹೊಸ ಎಲೆಗಳು ಬಿಳಿಚಿಕೊಳ್ಳುತ್ತವೆ. ಏಕೆಂದರೆ ಒಂದು ಸಲ ಎಲೆಯಲ್ಲಿ ನೆಲೆಗೊಂಡ ಕಬ್ಬಿಣವನ್ನು ಗಿಡವು ಸುಲಭವಾಗಿ ಕಿತ್ತು ಬೇರೆಡೆಗೆ ಸಾಗಿಸಲಾರದು. ಸಾರಜನಕದ ಕೊರತೆಯಲ್ಲಿ ಇದಕ್ಕೆ ವಿರುದ್ಧ. ಗಿಡವು ಹಳೆಯ ಎಲೆಗಳಿಂದ ಸಾರಜನಕವನ್ನು ಹಿಂತೆಗೆದು ಕುಡಿಗೆ ಕೊಡುವುದರಿಂದ ಕೆಳಗಿನ ಎಲೆಗಳು ಮೊದಲು ಹಳದಿಯಾಗುವುವು. ಈ ಒಂದು ಭೇದವನ್ನು ತಿಳಿದವನು ಹೊಲದಲ್ಲಿಯೂ ತೊಟ್ಟಿಯಲ್ಲಿಯೂ ಗಿಡದ ರೋಗವನ್ನು ಅರ್ಧ ಕಂಡುಹಿಡಿದಂತೆ. ಕಬ್ಬಿಣ ಲೀಟರಿಗೆ 0.1 ಮಿಲಿಗ್ರಾಮ್ ಸಾಕು. ಬರಿಯ ಲವಣದ ರೂಪದಲ್ಲಿ ಹಾಕಿದರೆ ಅದು ಬೇಗ ತುಕ್ಕಾಗಿ ತಳಕ್ಕಿಳಿಯುವುದರಿಂದ, ಗೊಬ್ಬರದಂಗಡಿಯಲ್ಲಿ ದೊರೆಯುವ ಈಡಿಟಿಎ ಕೂಡಿದ ಕಬ್ಬಿಣವನ್ನೇ ಬಳಸಬೇಕು.

ಹಾಗಾದರೆ ಕೆಂಪು ಹೆಚ್ಚುವುದು ಹೇಗೆ? ಬೆಳಕು ಪ್ರಬಲವಾಗಿರುವಾಗ ಅನೇಕ ಸಸ್ಯಗಳು ಈ ವರ್ಣದ್ರವ್ಯವನ್ನು ಒಂದು ಕೊಡೆಯಂತೆ ಹಿಡಿಯುತ್ತವೆಂಬುದು ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆಗಳಲ್ಲೊಂದು. ಅದನ್ನು ತಯಾರಿಸಲು ಸಕ್ಕರೆ ಬೇಕು. ಸಕ್ಕರೆಗೆ ಇಂಗಾಲಾಮ್ಲ ಬೇಕು. ಆದುದರಿಂದ ಒಳ್ಳೆಯ ಬೆಳಕು ಮತ್ತು ಧಾರಾಳವಾದ ಇಂಗಾಲಾಮ್ಲ ಇವೆರಡೂ ಕೂಡಿದಾಗಲೇ ಬಣ್ಣ ಬರುವುದು. ನೀರಿನಲ್ಲಿ ನೈಟ್ರೇಟು ಕಡಮೆಯಿದ್ದರೆ ಕೆಂಪು ಇನ್ನೂ ಗಾಢವಾಗುವುದು. ಎಲೆಯ ಹರಿತ್ತಿಗೆ ಸಾರಜನಕ ಬೇಕು, ಆಂಥೊಸಯನಿನ್ನಿಗೆ ಬೇಡ. ಕೆಲವರು ಇದನ್ನರಿತು ಗಿಡವನ್ನು ಉಪವಾಸ ಕೆಡವುತ್ತಾರೆ. ನಮಗೆ ಇದು ಒಪ್ಪಿಗೆಯಿಲ್ಲ. ಲೀಟರಿಗೆ 5ರಿಂದ 10 ಮಿಲಿಗ್ರಾಮ್ ನೈಟ್ರೇಟು ಇದ್ದರೆ ಗಿಡ ಕೆಂಪಾಗಿಯೂ ಇರುವುದು, ಬೆಳೆಯುತ್ತಲೂ ಇರುವುದು. ದೀಪವನ್ನು ದಿನಕ್ಕೆ ಏಳೆಂಟು ಗಂಟೆಗಿಂತ ಹೆಚ್ಚು ಉರಿಸುವುದರಿಂದ ಪಾಚಿಗೆ ಲಾಭ. ದೀಪದ ಬೆಳಕಿನಲ್ಲಿ ಕೆಂಪು ಕಿರಣಗಳೇ ಇಲ್ಲದಿದ್ದರೆ ಚೆನ್ನಾಗಿ ಬೆಳೆದ ಗಿಡವೂ ಕಂದಾಗಿ ಕಾಣುವುದುಂಟು. ಅದು ಗಿಡದ ದೋಷವಲ್ಲ.

ಬೇಸಗೆಯಲ್ಲಿ ಎಚ್ಚರ ಬೇಕು. ನೀರು ಬಿಸಿಯಾದಷ್ಟೂ ವಾಯುಗಳು ಕಡಮೆ ಕರಗುತ್ತವೆ, ಗಿಡದ ಉಸಿರಾಟ ಮಾತ್ರ ಹೆಚ್ಚುವುದು. ಗಳಿಕೆ ತಗ್ಗಿ ಖರ್ಚು ಏರಿದ ಸಂಸಾರದಂತೆ. 24ರಿಂದ 26 ಡಿಗ್ರಿ ಇದಕ್ಕೆ ಹಿತ. 30ನ್ನು ದಾಟಿದರೆ ತೊಟ್ಟಿಯ ಮುಚ್ಚಳವನ್ನು ತೆಗೆದು ಪುಟ್ಟ ಫ್ಯಾನಿನ ಗಾಳಿಯನ್ನು ನೀರಿನ ಮೇಲೆ ಹಾಯಿಸಬೇಕು. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಈ ತತ್ತ್ವದಿಂದಲೇ. ಇಷ್ಟೆಲ್ಲ ಉಪಚಾರ ಸಾಧ್ಯವಿಲ್ಲದವರು ಇದೇ ಜಾತಿಯ ರೊಟಾಲಾ ರೊಟಂಡಿಫೋಲಿಯದಿಂದ ಪ್ರಾರಂಭಿಸಬಹುದು. ಅದು ಸಹನಶೀಲ, ಅಂಗಡಿಯವರು ಬಹುಕಾಲದಿಂದ ಅದನ್ನು ತಪ್ಪಾಗಿ ರೊಟಾಲಾ ಇಂಡಿಕಾ ಎಂದು ಕರೆಯುತ್ತ ಬಂದಿದ್ದಾರೆ. ನಿಜವಾದ ಇಂಡಿಕಾ ನಮ್ಮ ಗದ್ದೆಗಳಲ್ಲಿ ಬೆಳೆಯುವ ಬೇರೊಂದು ಕಳೆ.

ತವರಿನ ಹಳ್ಳದಿಂದಲೇ ನಾಲ್ಕು ಕಡ್ಡಿ ಕಿತ್ತು ತರಬಾರದೇಕೆ ಎಂದು ಮಲೆನಾಡಿನ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕೇಳಿದ್ದನು. ಪಶ್ಚಿಮಘಟ್ಟಗಳ ರೊಟಾಲಾಗಳಲ್ಲಿ ಕೆಲವು ಪ್ರಭೇದಗಳು ಬೆರಳೆಣಿಕೆಯಷ್ಟು ಸ್ಥಳಗಳಲ್ಲಿ ಮಾತ್ರ ದೊರೆಯುವಂಥವು. ಹೂವಿಲ್ಲದಾಗ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಪಂಡಿತರಿಗೂ ಕಷ್ಟ. ಕೈಗೆ ಬಂದುದು ಯಾವುದೆಂದು ತಿಳಿಯದೆ ಕಿತ್ತರೆ ಅಪರೂಪದ್ದೊಂದು ಕಣ್ಮರೆಯಾಗಬಹುದು. ಅದೂ ಅಲ್ಲದೆ ತೋಟದಲ್ಲಿ ಬೆಳೆಸಿದ ಕಡ್ಡಿ ಒಂದೇ ಸಿಕ್ಕರೂ ಸಾಕು. ಗಿಡ ನೀರಿನ ಮೇಲ್ಮೈಯನ್ನು ಮುಟ್ಟಿದಾಗ ಮೇಲಿನ ಒಂದು ಗೇಣನ್ನು ಕತ್ತರಿಸಿ ನೆಟ್ಟರೆ ಎರಡಾಗುವುದು. ಕೆಳಗಿನ ಮೋಟೂ ಚಿಗುರುವುದುಂಟು, ಆದರೆ ಆ ಚಿಗುರು ಬಡಕಲು. ನಾವು ತುದಿಗಳನ್ನುಳಿಸಿಕೊಂಡು ಮೋಟುಗಳನ್ನು ತೆಗೆದುಬಿಡುತ್ತೇವೆ.

ತೆಗೆದುದನ್ನು ಕೆರೆಗೋ ಚರಂಡಿಗೋ ಎಸೆಯಕೂಡದು. ದಕ್ಷಿಣ ಅಮೆರಿಕದ ನೀಲಿಹೂವಿನ ಹಯಸಿಂತ್ ನಮ್ಮ ಕೆರೆಗಳನ್ನು ಮುಚ್ಚಿರುವುದನ್ನು ಎಲ್ಲರೂ ಕಂಡಿದ್ದೇವೆ. 2020ರಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ಕಾಲುವೆಯೊಂದು ಗುಲಾಬಿ ಬಣ್ಣದ ಹೂವಿನಿಂದ ತುಂಬಿದಾಗ ಜನ ತಂಡೋಪತಂಡವಾಗಿ ನೋಡಲು ಹೋದರು. ಆ ಗಿಡ ಕಬೊಂಬ, ತೊಟ್ಟಿಗಳಲ್ಲಿ ಸಾಕುವ ಇನ್ನೊಂದು ಪರದೇಶಿ. ನಮ್ಮಿಂದ ಹೋದ ರೊಟಂಡಿಫೋಲಿಯವೂ ಅಮೆರಿಕದ ಫ್ಲಾರಿಡಾದ ಕಾಲುವೆಗಳಲ್ಲಿ ಕಳೆಯಾಗಿ ಕಾಡುತ್ತಿದೆ. ಕತ್ತರಿಸಿದ ಕಾಂಡದ ಒಂದು ಗಿಣ್ಣಿನಿಂದಲೇ ಬೇರೊಡೆಯಬಲ್ಲ ಜೀವಿಗಳಿವು. ಮೋಟುಗಳನ್ನು ಎರಡು ದಿನ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು.